ಎಂಜಲು ಬೇರೆ, ಕಫ ಬೇರೆ: ನ್ಯುಮೋನಿಯಾ ಪರೀಕ್ಷೆಗಳ ಟಿಪ್ಪಣಿ

ಆಸ್ಪತ್ರೆಯ ಮೊದಲ ಪೋಸ್ಟಿಂಗಿನಲ್ಲಿ ರೋಗಿಯ ಕೈಗೆ ಡಬ್ಬಿ ಕೊಟ್ಟು "ಕಫ ಹಾಕಿ" ಅಂದೆ. ಬಂದದ್ದು ನೊರೆನೊರೆ ಎಂಜಲು. ಹಾಗೇ ಲ್ಯಾಬಿಗೆ ಒಯ್ದು ಚೆನ್ನಾಗಿ ಬೈಸಿಕೊಂಡೆ. ಅಂದಿನಿಂದ ನ್ಯುಮೋನಿಯಾ ಓದುವಾಗೆಲ್ಲ ಕಫದಿಂದಲೇ ಶುರು ಮಾಡುತ್ತೇನೆ.

ಸೂಕ್ಷ್ಮದರ್ಶಕದ 10ಎಕ್ಸ್ ಲೆನ್ಸಿನಡಿ ಒಂದು ಫೀಲ್ಡಿನಲ್ಲಿ (ಒಮ್ಮೆಗೆ ಕಾಣುವಷ್ಟು ಜಾಗ) ಕೀವುಕಣ 25ಕ್ಕಿಂತ ಹೆಚ್ಚು, ಬಾಯಿಯ ಒಳಪದರದ ಎಪಿಥೀಲಿಯಲ್ ಕೋಶ 10ಕ್ಕಿಂತ ಕಡಿಮೆ ಇದ್ದರೆ ಅದು ಶ್ವಾಸಕೋಶದಿಂದ ಬಂದ ಕಫ. ಲೆಕ್ಕ ಉಲ್ಟಾ ಆದರೆ ಕ್ರಿಮಿ ಬೆಳೆಸಿ ನೋಡುವ ಕಲ್ಚರ್‌ಗೆ ಹಾಕಿ ಪ್ರಯೋಜನವಿಲ್ಲ, ಬೆಳೆಯುವುದು ಬಾಯಿಯ ಕ್ರಿಮಿ. ರೋಗಿಗೆ ನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳಿ, ಉಸಿರು ಆಳವಾಗಿ ಎಳೆದು ಎದೆಯಿಂದ ಕೆಮ್ಮಿಸಿ. ಆದಷ್ಟೂ ಮೊದಲ ಆಂಟಿಬಯಾಟಿಕ್ ಡೋಸಿಗೆ ಮುಂಚೆಯೇ ತೆಗೆಯಿರಿ. ಬ್ಲಡ್ ಕಲ್ಚರ್‌ಗೂ ಇದೇ ಮಾತು. ಹಾಗಂತ ಕಾಯಿಲೆ ಜೋರಾಗಿರುವವರಿಗೆ ಡಬ್ಬಿ ಕಾಯುತ್ತ ಔಷಧಿ ತಡಮಾಡಬಾರದು.

ಕ್ರಿಮಿಗೆ ಬಣ್ಣ ಹಾಕಿ ನೋಡುವ ಗ್ರಾಂ ಸ್ಟೇನ್‌ನಲ್ಲಿ ತುದಿ ಚೂಪಾದ ನೇರಳೆ ಕಾಳುಗಳು ಜೋಡಿಜೋಡಿಯಾಗಿ ಕಂಡರೆ ನ್ಯುಮೋನಿಯಾ ತರುವ ನ್ಯುಮೋಕಾಕಸ್ ಕ್ರಿಮಿ ಎಂದು ಶಂಕಿಸಬಹುದು. ಅಂದಹಾಗೆ, ಈ ಬಣ್ಣ ಹುಟ್ಟಿದ್ದೇ ನ್ಯುಮೋನಿಯಾದಿಂದ. ಸತ್ತವರ ಶ್ವಾಸಕೋಶದ ತುಣುಕಿನಲ್ಲಿ ಕ್ರಿಮಿ ಕಾಣಿಸಲೆಂದು ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಂ ಬರ್ಲಿನ್ನಿನಲ್ಲಿ ಹೂಡಿದ ಉಪಾಯ ಅದು, 1884ರಲ್ಲಿ ಪ್ರಕಟವಾಯಿತು.

ಎಕ್ಸ್-ರೇಯಲ್ಲಿ ಬಿಳಿ ಮಚ್ಚೆ ಹುಡುಕಿದರೆ ಸಾಲದು, ಅಳಿಸಿಹೋದ ಗೆರೆ ಹುಡುಕಿ. ಹೃದಯದ ಬಲ ಅಂಚು ಮಸುಕಾದರೆ ಕಾಯಿಲೆ ಇರುವುದು ಬಲ ಶ್ವಾಸಕೋಶದ ಮಧ್ಯದ ಲೋಬಿನಲ್ಲಿ (ಲೋಬ್ ಅಂದರೆ ಶ್ವಾಸಕೋಶದ ಒಂದು ಭಾಗ). ವಪೆಯ (ಎದೆ-ಹೊಟ್ಟೆ ನಡುವಿನ ಸ್ನಾಯುಪದರ) ಗೆರೆ ಮಾಯವಾದರೆ ಕೆಳ ಲೋಬಿನಲ್ಲಿ. ಬಿಳಿಯ ನಡುವೆ ಕವಲೊಡೆದ ಕಪ್ಪು ಗೆರೆಗಳು ಗಾಳಿ ತುಂಬಿದ ಶ್ವಾಸನಾಳಗಳು, ಅದೇ ಏರ್ ಬ್ರಾಂಕೋಗ್ರಾಂ. ಶುರುವಿನಲ್ಲಿ ಎಕ್ಸ್-ರೇ ಸರಿಯಾಗಿಯೇ ಕಾಣಬಹುದು. ವಾಸಿಯಾದ ಮೇಲೂ ಮಚ್ಚೆ ಹೋಗಲು ಆರು ವಾರ ಹಿಡಿಯಬಹುದು, ಗಾಬರಿ ಬೇಡ.

ಮಕ್ಕಳಲ್ಲಿ ಮೊದಲ ಪರೀಕ್ಷೆಗೆ ಗಡಿಯಾರವೇ ಸಾಕು. ತಾಯಿಯ ಮಡಿಲಲ್ಲಿ, ಅಳದಿರುವಾಗ, ಅಂಗಿ ಎತ್ತಿ ಇಡೀ ಒಂದು ನಿಮಿಷ ಉಸಿರೆಣಿಸಿ. 2 ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದವರೆಗೆ 50, ಐದು ವರ್ಷದವರೆಗೆ 40. ಅಷ್ಟು ಮುಟ್ಟಿದರೆ ಅದು ವೇಗದ ಉಸಿರು. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಚಾಳಿ ಬಿಡಿ.

ಸಿಆರ್‌ಪಿ (ಉರಿಯೂತವಾದಾಗ ರಕ್ತದಲ್ಲಿ ಹೆಚ್ಚುವ ಪ್ರೋಟೀನ್), ಬಿಳಿ ರಕ್ತಕಣ ಏರಿದ್ದು ಸೋಂಕಿನ ಸುಳಿವಷ್ಟೇ, ಕ್ರಿಮಿಯ ಹೆಸರು ಹೇಳುವುದಿಲ್ಲ. ನ್ಯುಮೋನಿಯಾ ಎಷ್ಟು ತೀವ್ರ ಎಂದು ಅಳೆಯುವ ಕರ್ಬ್-65 ಲೆಕ್ಕದಲ್ಲಿ ಎಡವುವ ಜಾಗ ಒಂದಿದೆ: ಪುಸ್ತಕದ ಯೂರಿಯಾ ಮಿತಿ ಲೀಟರಿಗೆ 7 ಮಿಲಿಮೋಲ್, ನಮ್ಮ ರಿಪೋರ್ಟ್ ಬರುವುದು ಮಿಲಿಗ್ರಾಂನಲ್ಲಿ. ಅದು ಡೆಸಿಲೀಟರಿಗೆ ಸುಮಾರು 42.

ಕೆಮ್ಮು ಎರಡು ವಾರ ದಾಟಿದ್ದರೆ ಟಿಬಿ ಕ್ರಿಮಿಯ ಡಿಎನ್‌ಎ ಹುಡುಕುವ ಸಿಬಿನಾಟ್‌ಗೂ ಕಫ ಕಳಿಸಿ. ಅಲ್ಲೂ ಎಂಜಲು ನಡೆಯುವುದಿಲ್ಲ.