ಚಂದ್ರನ ಕಲೆಗಳು ಮತ್ತು ಮೀನುಗಾರಿಕೆ: ಸೆಳವಿನ ಲೆಕ್ಕ ಬೇರೆ, ಬೆಳಕಿನ ಲೆಕ್ಕ ಬೇರೆ

ಮೀನು ಹೆಚ್ಚು ಸಿಗುವುದು ಹುಣ್ಣಿಮೆಗೋ ಅಮಾವಾಸ್ಯೆಗೋ? ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಹುಡುಕಲು ಹೊರಟವರು ಸಾಮಾನ್ಯವಾಗಿ ಗೊಂದಲದಲ್ಲೇ ಉಳಿಯುತ್ತಾರೆ. ಚಂದ್ರನ ಪ್ರಭಾವ ಮೀನಿನ ಮೇಲೆ ಆಗುವುದು ಮುಖ್ಯವಾಗಿ ಎರಡು ದಾರಿಗಳಲ್ಲಿ: ಒಂದು ನೀರಿನ ಸೆಳವು, ಇನ್ನೊಂದು ರಾತ್ರಿಯ ಬೆಳಕು. ಸೆಳವಿನ ದೃಷ್ಟಿಯಿಂದ ಹುಣ್ಣಿಮೆಯೂ ಅಮಾವಾಸ್ಯೆಯೂ ಹೆಚ್ಚುಕಡಿಮೆ ಒಂದೇ. ಬೆಳಕಿನ ದೃಷ್ಟಿಯಿಂದ ಎರಡೂ ತದ್ವಿರುದ್ಧ. ಹಾಗಾಗಿ ನೀವು ಹಿಡಿಯುವ ಮೀನು ಯಾವುದು, ನೀರು ಯಾವುದು, ಹೊತ್ತು ಯಾವುದು ಎಂದು ಮೊದಲು ಕೇಳಿಕೊಳ್ಳಬೇಕು. ಹಗಲಲ್ಲಿ ಅಳಿವೆಯಲ್ಲಿ ಗಾಳ ಹಾಕುವವರಿಗೆ ಬೇಕಾದದ್ದು ಸೆಳವಿನ ಲೆಕ್ಕ ಮಾತ್ರ. ರಾತ್ರಿ ಕೆರೆಯಲ್ಲಿ ಬಲೆ ಬಿಡುವವರಿಗೆ ಬೇಕಾದದ್ದು ಬೆಳಕಿನ ಲೆಕ್ಕ ಮಾತ್ರ. ರಾತ್ರಿ ಸಮುದ್ರಕ್ಕೆ ಇಳಿಯುವವರಿಗೆ ಎರಡೂ ಬೇಕು.

ಸೆಳವಿನ ಲೆಕ್ಕ

ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಸರಾಸರಿ 29.53 ದಿನ. ಸಮುದ್ರದ ನೀರನ್ನು ಉಬ್ಬಿಸುವ ಬಲದಲ್ಲಿ ಚಂದ್ರನದು 1 ಎಂದರೆ ಸೂರ್ಯನದು ಸುಮಾರು 0.46. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಎರಡೂ ಒಂದೇ ಗೆರೆಯಲ್ಲಿ ಎಳೆಯುತ್ತವೆ, ಆಗ ಬಲ 1.46. ಅಷ್ಟಮಿಯಂದು ಒಂದರ ಎಳೆತಕ್ಕೆ ಇನ್ನೊಂದು ಅಡ್ಡ ಬರುತ್ತದೆ, ಆಗ ಉಳಿಯುವುದು 0.54. ಕಾಗದದ ಮೇಲೆ ಇದು ಎರಡೂವರೆ ಪಟ್ಟಿಗೂ ಮೀರಿದ ವ್ಯತ್ಯಾಸ. ತೀರದ ಆಕಾರ, ಆಳ ಇವುಗಳಿಂದ ಪ್ರತಿ ಜಾಗದಲ್ಲೂ ಈ ಅನುಪಾತ ಬದಲಾಗುತ್ತದೆ. ಆದ್ದರಿಂದ ನಿಮ್ಮ ತೀರದ ಉಬ್ಬರ-ಇಳಿತದ ಪಟ್ಟಿಯೇ ಅಂತಿಮ.

ಕಲಿಯುವವರು ಇಲ್ಲಿ ಎರಡು ಕಡೆ ಎಡವುತ್ತಾರೆ. ದೊಡ್ಡ ಉಬ್ಬರ ಹುಣ್ಣಿಮೆಯ ದಿನವೇ ಬರುತ್ತದೆ ಎಂದುಕೊಳ್ಳುವುದು ಮೊದಲನೆಯದು. ಬಹಳಷ್ಟು ತೀರಗಳಲ್ಲಿ ಅದು ಒಂದೆರಡು ದಿನ ತಡವಾಗಿ ಬರುತ್ತದೆ. ಎಲ್ಲ ಹುಣ್ಣಿಮೆಗಳೂ ಸಮ ಎಂದುಕೊಳ್ಳುವುದು ಎರಡನೆಯದು. ಚಂದ್ರ ಭೂಮಿಗೆ ಹತ್ತಿರ ಬಂದಾಗ ದೂರ ಸುಮಾರು 3,63,000 ಕಿ.ಮೀ., ದೂರ ಹೋದಾಗ ಸುಮಾರು 4,05,000 ಕಿ.ಮೀ. ಉಬ್ಬರದ ಬಲ ದೂರದ ಘನಕ್ಕೆ ವಿಲೋಮವಾಗಿರುವುದರಿಂದ ಅಷ್ಟು ಅಂತರಕ್ಕೇ ಬಲದಲ್ಲಿ ಶೇ 39ರಷ್ಟು ಏರುಪೇರಾಗುತ್ತದೆ. ಈ ಹತ್ತಿರ-ದೂರದ ಸುತ್ತು 27.55 ದಿನದ್ದು. ಅದು ಹುಣ್ಣಿಮೆಯ ಸುತ್ತಿಗೆ ತಾಳೆಯಾಗದ ಕಾರಣ ಕೆಲವು ತಿಂಗಳು ಹುಣ್ಣಿಮೆಯ ಉಬ್ಬರ ಜೋರು, ಇನ್ನು ಕೆಲವು ತಿಂಗಳು ಅಮಾವಾಸ್ಯೆಯದು ಜೋರು.

ಉಬ್ಬರ ಎಷ್ಟು ಎತ್ತರ ಎನ್ನುವುದಕ್ಕಿಂತ ನೀರು ಎಷ್ಟು ವೇಗವಾಗಿ ಹರಿಯುತ್ತದೆ ಎನ್ನುವುದು ಮೀನಿಗೆ ಮುಖ್ಯ. ಇದನ್ನು ಅಂದಾಜಿಸಲು ಹನ್ನೆರಡರ ಸೂತ್ರ ಸಾಕು. ದಿನಕ್ಕೆ ಎರಡು ಉಬ್ಬರ ಬರುವ ತೀರಗಳಲ್ಲಿ ಒಂದು ಇಳಿತ ಸುಮಾರು 6 ಗಂಟೆ 12 ನಿಮಿಷದ್ದು. ಅದನ್ನು ಆರು ಪಾಲು ಮಾಡಿದರೆ ನೀರು ಕ್ರಮವಾಗಿ 1, 2, 3, 3, 2, 1 ಹನ್ನೆರಡನೇ ಭಾಗದಷ್ಟು ಇಳಿಯುತ್ತದೆ. ಉದಾಹರಣೆಗೆ ಹುಣ್ಣಿಮೆಯ ಉಬ್ಬರ-ಇಳಿತದ ಅಂತರ 2.4 ಮೀಟರ್ ಇದೆ ಎನ್ನಿ. ಮೊದಲ ಪಾಲಿನಲ್ಲಿ 20 ಸೆಂ.ಮೀ., ಎರಡನೆಯದರಲ್ಲಿ 40, ಮೂರು ಮತ್ತು ನಾಲ್ಕನೆಯದರಲ್ಲಿ ತಲಾ 60 ಸೆಂ.ಮೀ. ಇಳಿಯುತ್ತದೆ. ಅಷ್ಟಮಿಯ ಅಂತರ 1.2 ಮೀಟರ್ ಆದರೆ ನಡುವಿನ ಜೋರಿನಲ್ಲೂ ಇಳಿಯುವುದು 30 ಸೆಂ.ಮೀ. ಮಾತ್ರ.

ಈ ಅಂಕಿಗಳನ್ನು ಮತ್ತೊಮ್ಮೆ ನೋಡಿ. ಅಷ್ಟಮಿಯ ಅತಿ ಜೋರಿನ ಹೊತ್ತು ಹುಣ್ಣಿಮೆಯ ಮೊದಲ ಮತ್ತು ಎರಡನೇ ಪಾಲುಗಳ ನಡುವೆ ಬಂದು ಕೂರುತ್ತದೆ. ಹೊಂಚು ಹಾಕಿ ಹಿಡಿಯುವ ಮೀನುಗಳು ಬಂಡೆಯ ಮರೆಯಲ್ಲೋ ಕಾಲುವೆಯ ಅಂಚಿನಲ್ಲೋ ನಿಂತು, ಸೆಳವು ಹೊತ್ತು ತರುವ ಸಣ್ಣ ಮೀನು, ಸಿಗಡಿಗಳಿಗೆ ಕಾಯುತ್ತವೆ. ನೀರು ನಿಂತರೆ ಆಹಾರ ಬರುವುದಿಲ್ಲ. ನೀರು ವಿಪರೀತ ಹರಿದರೆ ಅವು ನಿಲ್ಲಲು ಶಕ್ತಿ ಖರ್ಚು ಮಾಡಬೇಕಾಗುತ್ತದೆ, ಹಾಗಾಗಿ ಮರೆಯಿಂದ ಹೊರಬರುವುದಿಲ್ಲ. ಆದ್ದರಿಂದ ಮಧ್ಯಮ ಸೆಳವು ಬೇಕಾದ ಜಾಗದಲ್ಲಿ ಹುಣ್ಣಿಮೆ-ಅಮಾವಾಸ್ಯೆಗೆ ಇಳಿತದ ಆರಂಭ ಮತ್ತು ಕೊನೆಯನ್ನು ಹಿಡಿಯಿರಿ, ಅಷ್ಟಮಿಗೆ ನಡುಭಾಗವನ್ನು ಹಿಡಿಯಿರಿ. ಅಷ್ಟಮಿ ಕೆಟ್ಟ ದಿನ ಎಂಬ ಮಾತು ಹುಟ್ಟುವುದು ಬಹುಪಾಲು ಹೊತ್ತು ತಪ್ಪಿ ಹೋದವರಿಂದ. ಆಳವಾದ ಕಡೆ ಲಂಗರು ಹಾಕಿ ತಳದ ಮೀನು ಹಿಡಿಯುವವರಿಗಂತೂ ಅಷ್ಟಮಿಯ ನಿಧಾನದ, ತಿಳಿಯಾದ ನೀರೇ ಅನುಕೂಲ.

ದೊಡ್ಡ ಸೆಳವಿನ ದಿನ ಗಾಳದಲ್ಲಿ ಏನು ಕೆಡುತ್ತದೆ? ನೀರಿನ ತಳ್ಳುವಿಕೆ ವೇಗದ ವರ್ಗದಷ್ಟು ಏರುತ್ತದೆ. ಸೆಳವು ಒಂದೂವರೆ ಪಟ್ಟಾದರೆ ದಾರದ ಮೇಲಿನ ಒತ್ತಡ 2.25 ಪಟ್ಟು. ನಿನ್ನೆ 60 ಗ್ರಾಂ ಸೀಸ ತಳ ಹಿಡಿದಿದ್ದ ಕಡೆ ಇಂದು 100 ಗ್ರಾಂ ಕೂಡ ಉರುಳಿಹೋಗುವುದು ಇದರಿಂದಲೇ. ಸೀಸ ಹೆಚ್ಚಿಸುತ್ತಾ ಹೋದರೆ ಎಳೆತ ಮಂದವಾಗಿ ಮೀನು ಕಚ್ಚಿದ್ದು ಕೈಗೆ ತಿಳಿಯುವುದಿಲ್ಲ. ಮೊದಲು ದಾರ ತೆಳ್ಳಗೆ ಮಾಡಿ. 0.40 ಮಿ.ಮೀ. ಬದಲು 0.25 ಮಿ.ಮೀ. ಬಳಸಿದರೆ ನೀರಿಗೆ ಒಡ್ಡುವ ಮೈ ಶೇ 37ಕ್ಕೂ ಹೆಚ್ಚು ತಗ್ಗುತ್ತದೆ. ಜೊತೆಗೆ ಸೆಳವಿಗೆ ಎದುರಾಗಿ ಎಸೆದು, ಸೀಸ ತಳ ಮುಟ್ಟಿದ ಮೇಲೆ ಸ್ವಲ್ಪ ದಾರ ಬಿಟ್ಟು ಬಾಗಲು ಬಿಡಿ. ಬಿಗಿಯಾದ ದಾರ ಸೀಸವನ್ನು ಮೇಲಕ್ಕೆತ್ತುತ್ತದೆ, ಬಾಗಿದ ದಾರ ಹಾಗೆ ಎತ್ತುವುದಿಲ್ಲ. ಆ ದಿನಗಳಲ್ಲಿ ತೀರದ ಕಸ, ಪಾಚಿ ಕಿತ್ತು ಬಂದು ನೀರು ಕದಡಿರುತ್ತದೆ. ಕಣ್ಣಿನಿಂದ ಬೇಟೆಯಾಡುವ ಮೀನಿಗೆ ಕೃತಕ ಎರೆ ಕಾಣದೇ ಹೋಗಬಹುದು, ಅಂಥಲ್ಲಿ ವಾಸನೆಯ ಎರೆ ಮೇಲು.

ಇನ್ನೊಂದು ಅಂಶವನ್ನು ಬಹಳ ಮಂದಿ ಗಮನಿಸುವುದಿಲ್ಲ. ಒಂದು ತೀರದಲ್ಲಿ ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಉಬ್ಬರ ಗಡಿಯಾರದ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬೀಳುತ್ತದೆ, ಅಷ್ಟಮಿಯದು ಅದಕ್ಕಿಂತ ಸುಮಾರು ಆರು ಗಂಟೆ ಆಚೀಚೆ. ಉಬ್ಬರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತಾ ವಾರಕ್ಕೆ ಆರು ಗಂಟೆಯಷ್ಟು ಸರಿಯುವುದೇ ಇದಕ್ಕೆ ಕಾರಣ. ಹಾಗಾಗಿ ಒಂದು ಜಾಗದಲ್ಲಿ ಹುಣ್ಣಿಮೆಗೆ ಚೆನ್ನಾಗಿ ಮೀನು ಸಿಗುತ್ತಿದ್ದರೆ, ಅಲ್ಲಿ ಆ ದಿನಗಳಲ್ಲಿ ಇಳಿತ ನಸುಕಿಗೆ ಸರಿಯಾಗಿ ಶುರುವಾಗುತ್ತದೆ ಎಂಬುದಷ್ಟೇ ಕಾರಣವಾಗಿರಬಹುದು. ಅದೇ ಕರಾವಳಿಯಲ್ಲಿ ಉಬ್ಬರದ ಹೊತ್ತು ಬೇರೆಯಿರುವ ಇನ್ನೊಂದು ಅಳಿವೆಯಲ್ಲಿ ಆ ಅನುಭವ ನಡೆಯುವುದಿಲ್ಲ.

ಬೆಳಕಿನ ಲೆಕ್ಕ

ತಿಳಿ ಆಕಾಶದ ಹುಣ್ಣಿಮೆಯ ಬೆಳಕು ಹೆಚ್ಚೆಂದರೆ 0.3 ಲಕ್ಸ್ (ಬೆಳಕಿನ ಅಳತೆಮಾನ) ಸುಮಾರು. ಅರ್ಧ ಚಂದ್ರನ ಬೆಳಕು ಅದರ ಅರ್ಧವಲ್ಲ, ಸುಮಾರು ಹತ್ತನೇ ಒಂದು ಭಾಗ. ಹುಣ್ಣಿಮೆಯಂದು ಚಂದ್ರನ ನೆಲದ ಉಬ್ಬುತಗ್ಗುಗಳ ನೆರಳು ನಮಗೆ ಕಾಣದೆ ಬೆಳಕು ನೇರ ಹಿಂದಿರುಗುತ್ತದೆ, ಅರ್ಧ ಚಂದ್ರನಲ್ಲಿ ನೆರಳುಗಳೇ ತುಂಬಿರುತ್ತವೆ. ಹೀಗಾಗಿ ಬೆಳಕಿನ ನಿಜವಾದ ಪ್ರಭಾವ ಹುಣ್ಣಿಮೆಯ ಆಚೀಚೆ ಮೂರ್ನಾಲ್ಕು ರಾತ್ರಿಗಳಲ್ಲೇ ಕೇಂದ್ರೀಕೃತ. ದಟ್ಟ ಮೋಡ ಕವಿದರೆ ಅದೂ ಇಲ್ಲ.

ನೀರಿನ ಸೂಕ್ಷ್ಮಜೀವಿಗಳು ಕತ್ತಲಾದ ಮೇಲೆ ಮೇಲಕ್ಕೆ ಬಂದು ಬೆಳಗಾಗುವಾಗ ಆಳಕ್ಕಿಳಿಯುತ್ತವೆ. ಬೆಳದಿಂಗಳಿದ್ದರೆ ಅವು ಆಳದಲ್ಲೇ ಉಳಿಯುತ್ತವೆ, ಅವನ್ನು ತಿನ್ನುವ ಸಣ್ಣ ಮೀನುಗಳೂ ಹಾಗೆಯೇ. ದೀಪ ಹಚ್ಚಿ ಮೀನು, ಬೊಂಡಾಸ ಸೆಳೆಯುವವರಿಗೆ ಆಗ ಎರಡು ಪೆಟ್ಟು: ಮೀನು ಆಳದಲ್ಲಿ, ಸುತ್ತಲ ನೀರು ಬೆಳಗಿದ್ದರಿಂದ ದೀಪದ ಸೆಳೆತವೂ ಕಡಿಮೆ. ಆಫ್ರಿಕಾದ ಟ್ಯಾಂಗನಿಕಾ ಮತ್ತು ಕರಿಬಾ ಸರೋವರಗಳಲ್ಲಿ ಸಣ್ಣ ಮೀನುಗಳ ದೀಪದ ಮೀನುಗಾರಿಕೆ ಹುಣ್ಣಿಮೆಯ ಆಸುಪಾಸಿನಲ್ಲಿ ನಿಲ್ಲುವುದು ಇದೇ ಕಾರಣಕ್ಕೆ. ಇದಕ್ಕೆ ತಿರುಗುಮುರುಗಾಗಿ, ಕತ್ತಿಮೀನಿಗೆ ಉದ್ದ ಗಾಳದ ಸಾಲು ಬಿಡುವ ದೋಣಿಗಳು ಹುಣ್ಣಿಮೆಯ ದಿನಗಳನ್ನೇ ಆರಿಸಿಕೊಳ್ಳುತ್ತವೆ.

ಗಿಲ್‌ನೆಟ್, ಅಂದರೆ ಮೀನಿನ ಕಿವಿರು ಸಿಕ್ಕಿಕೊಳ್ಳುವ ಬಲೆ ಬಿಡುವವರಿಗೆ ಕತ್ತಲು ಲಾಭ, ಬೆಳದಿಂಗಳಲ್ಲಿ ತಿಳಿನೀರಿನ ಮೀನಿಗೆ ಬಲೆಯ ದಾರ ಕಾಣುತ್ತದೆ. ಆದರೆ ಕೆಲವು ಋತುಗಳಲ್ಲಿ ಸಮುದ್ರದ ನೀರು ಕಲಕಿದರೆ ಅದರಲ್ಲಿನ ಸೂಕ್ಷ್ಮಜೀವಿಗಳು ಮಿನುಗುತ್ತವೆ. ಅಂಥ ರಾತ್ರಿ ಕಡುಗತ್ತಲಲ್ಲಿ ಬಲೆಯೇ ಹೊಳೆಯುವ ಗೋಡೆಯಾಗಿ ನಿಂತು ಮೀನು ಹಿಂದಿರುಗುತ್ತದೆ. ಬಲೆ ಬಿಡುವ ಮುನ್ನ ದೋಣಿಯ ಹುಟ್ಟಿನಿಂದ ನೀರು ಕಲಕಿ, ಮಿನುಗುತ್ತದೆಯೇ ನೋಡಿ.

ಈ ವಿಷಯದಲ್ಲಿ ಅತ್ಯಂತ ಉಪಯುಕ್ತವಾದದ್ದು ಚಂದ್ರೋದಯದ ಹೊತ್ತು. ಹುಣ್ಣಿಮೆಯಂದು ಚಂದ್ರ ಸೂರ್ಯಾಸ್ತದ ಹೊತ್ತಿಗೆ ಹುಟ್ಟುತ್ತಾನೆ, ಆಮೇಲೆ ದಿನಕ್ಕೆ ಸರಾಸರಿ 50 ನಿಮಿಷ ತಡ. ಮೂರು ದಿನ ಕಳೆದರೆ ಸೂರ್ಯ ಮುಳುಗಿ ಸುಮಾರು ಎರಡೂವರೆ ಗಂಟೆಯ ಮೇಲೆ ಚಂದ್ರೋದಯ. ಮುಸ್ಸಂಜೆಯ ಬೆಳಕಿಗೆ ಒಂದೂಕಾಲು ಗಂಟೆ ಕಳೆದರೂ ಒಂದು ಗಂಟೆಗೂ ಮಿಕ್ಕಿ ಪೂರ್ತಿ ಕತ್ತಲು ಸಿಗುತ್ತದೆ. ಆ ಕತ್ತಲಲ್ಲಿ ಸೂಕ್ಷ್ಮಜೀವಿಗಳು ಮೇಲೇರುತ್ತವೆ. ಆಮೇಲೆ ಥಟ್ಟನೆ ಚಂದ್ರ ಮೂಡಿದಾಗ ಅವು ಮೀನುಗಳ ಕಣ್ಣಿಗೆ ಬಯಲಾಗುತ್ತವೆ. ಮೊಜಾಂಬಿಕ್‌ನ ಕಹೋರಾ ಬಾಸ್ಸಾ ಜಲಾಶಯದಲ್ಲಿ ಗ್ಲಿವಿಚ್ ಎಂಬ ವಿಜ್ಞಾನಿ ಇದನ್ನು ಗುರುತಿಸಿ 1986ರಲ್ಲಿ ಪ್ರಕಟಿಸಿದರು: ಹುಣ್ಣಿಮೆ ಕಳೆದ ರಾತ್ರಿಗಳಲ್ಲಿ ಸೂಕ್ಷ್ಮಜೀವಿಗಳ ಸಂಖ್ಯೆ ಮೀನುಗಳಿಗೆ ಆಹಾರವಾಗಿ ಕುಸಿಯುತ್ತಿತ್ತು.

ಆದ್ದರಿಂದ ಹುಣ್ಣಿಮೆಗೆ ಮೂರು ದಿನ ಮುಂಚೆ ಮತ್ತು ಮೂರು ದಿನ ನಂತರ ಚಂದ್ರನ ಬೆಳಕು ಹೆಚ್ಚುಕಡಿಮೆ ಒಂದೇ ಇದ್ದರೂ ರಾತ್ರಿಗಳು ಒಂದೇ ಅಲ್ಲ. ಮುಂಚೆಯಾದರೆ ಸಂಜೆಯೇ ಚಂದ್ರ ಮೇಲಿರುತ್ತಾನೆ, ಕತ್ತಲು ಸಿಗುವುದು ಬೆಳಗಿನ ಜಾವ. ನಂತರವಾದರೆ ಕತ್ತಲು ಸಂಜೆಗೆ. ದೀಪದವರು, ಬಲೆಯವರು ಆ ಕತ್ತಲ ಹೊತ್ತಿನಲ್ಲಿ ಕೆಲಸ ಮುಗಿಸಬೇಕು. ಕಣ್ಣಿನಿಂದ ಬೇಟೆಯಾಡುವ ಮೀನಿಗೆ ಗಾಳ ಹಾಕುವವರು ಚಂದ್ರೋದಯಕ್ಕೆ ಅರ್ಧ ಗಂಟೆ ಮೊದಲೇ ಜಾಗದಲ್ಲಿರಬೇಕು.

ಸಿಹಿನೀರು ಮತ್ತು ಹೊತ್ತಿನ ಪಟ್ಟಿಗಳು

ಕೆರೆ, ಜಲಾಶಯಗಳಲ್ಲಿ ಉಬ್ಬರದ ಮಾತೇ ಬೇಡ. ಉತ್ತರ ಅಮೆರಿಕದ ಮಹಾಸರೋವರಗಳಲ್ಲೇ ಚಂದ್ರ-ಸೂರ್ಯರಿಂದಾಗುವ ಏರಿಳಿತ 5 ಸೆಂ.ಮೀ.ಗಿಂತ ಕಡಿಮೆ. ಆದರೂ ಚಂದ್ರ ನೆತ್ತಿಯ ಮೇಲೆ ಮತ್ತು ಕಾಲಡಿ ಇರುವಾಗ ಸುಮಾರು ಎರಡು ಗಂಟೆ, ಹುಟ್ಟುವಾಗ-ಮುಳುಗುವಾಗ ಸುಮಾರು ಒಂದು ಗಂಟೆ ಮೀನು ಚುರುಕಾಗಿರುತ್ತದೆ ಎನ್ನುವ ಸೋಲುನಾರ್ ಪಟ್ಟಿಗಳು ಎಲ್ಲೆಡೆ ಸಿಗುತ್ತವೆ. ಇದನ್ನು 1926ರಲ್ಲಿ ರೂಪಿಸಲು ತೊಡಗಿದವರು ಅಮೆರಿಕದ ಮೀನುಗಾರಿಕೆ ಲೇಖಕ ಜಾನ್ ಆಲ್ಡನ್ ನೈಟ್. ಪಟ್ಟಿಯ ಹೊತ್ತು ಮುಂಜಾನೆಗೋ ಮುಸ್ಸಂಜೆಗೋ ಬಿದ್ದ ದಿನ ಅದು ನಿಜವೆನಿಸುತ್ತದೆ, ಆ ಹೊತ್ತು ಹೇಗೂ ಒಳ್ಳೆಯದೇ.

ಇಲ್ಲಿ ನಂಬಬಹುದಾದ ಒಂದು ಅಳತೆ ಇದೆ. ಉತ್ತರ ಅಮೆರಿಕದಲ್ಲಿ ಗಾಳಕ್ಕೆ ಬಿದ್ದ 3,41,959 ಮಸ್ಕಿ ಎಂಬ ದೊಡ್ಡ ಸಿಹಿನೀರಿನ ಬೇಟೆಮೀನುಗಳ ದಾಖಲೆಯನ್ನು 2014ರ ಅಧ್ಯಯನವೊಂದು ಪರಿಶೀಲಿಸಿತು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಹೆಚ್ಚು ಮೀನು ಸಿಕ್ಕಿದ್ದು ಹೌದು, ಆದರೆ ಗರಿಷ್ಠ ಲಾಭ ಶೇ 5ರಷ್ಟು. ಒಂದು ಸರೋವರದಲ್ಲಿ ಆ ದಿನಗಳಲ್ಲಿ ಗಾಳ ಹಾಕುವವರ ಶ್ರಮವೇ ಬದಲಾಗುತ್ತಿತ್ತು ಎಂಬುದೂ ಕಂಡುಬಂತು. ಹಾಗಾಗಿ ಪರಿಣಾಮವೆಲ್ಲ ಮೀನಿನ ನಡತೆಯದೇ ಎಂದು ಹೇಳಲಾಗಲಿಲ್ಲ.

ಮೊಟ್ಟೆಯಿಡುವ ಕಾಲ

ಕೆಲವು ಜಾತಿಗಳಿಗೆ ಚಂದ್ರನೇ ಪಂಚಾಂಗ. ಕ್ಯಾಲಿಫೋರ್ನಿಯಾದ ಗ್ರೂನಿಯನ್ ಎಂಬ ಸಣ್ಣ ಮೀನು ಹುಣ್ಣಿಮೆ, ಅಮಾವಾಸ್ಯೆ ಕಳೆದ ಮೂರ್ನಾಲ್ಕು ರಾತ್ರಿ ದಂಡೆಗೇ ಬಂದು ಮರಳಿನಲ್ಲಿ ಮೊಟ್ಟೆಯಿಡುತ್ತದೆ. ಕೆರಿಬಿಯನ್‌ನ ನಸ್ಸೌ ಗ್ರೂಪರ್ ಎಂಬ ದೊಡ್ಡ ಮೀನು ಚಳಿಗಾಲದ ಹುಣ್ಣಿಮೆಗಳಲ್ಲಿ ನಿಗದಿತ ಜಾಗಕ್ಕೆ ಸಾವಿರಗಟ್ಟಲೆ ಸೇರುತ್ತಿತ್ತು. ದಿನವೂ ಜಾಗವೂ ಗೊತ್ತಿದ್ದ ಮೀನುಗಾರರು ಅಲ್ಲೇ ಹಿಡಿದು ಅನೇಕ ಗುಂಪುಗಳು ಅಳಿದವು. ಇಂಥ ಕೂಟ ಕಂಡರೆ ಗಾಳ ಎತ್ತಿಬಿಡಿ, ಅಲ್ಲಿ ಹಿಡಿದದ್ದು ಮುಂದಿನ ವರ್ಷಗಳ ಮೀನು.

ದಾಖಲೆ ಇಡುವ ಬಗೆ

ಎಷ್ಟು ಮೀನು ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಹುಣ್ಣಿಮೆಯಂದು ನಾಲ್ವರು ಆರು ಗಂಟೆ ಕೂತು 12 ಹಿಡಿದರೆ ಗಾಳ-ಗಂಟೆಗೆ (ಅಂದರೆ ಒಂದು ಗಾಳಕ್ಕೆ ಒಂದು ಗಂಟೆಯಲ್ಲಿ) ಅರ್ಧ ಮೀನು. ಅಷ್ಟಮಿಯಂದು ಒಬ್ಬರೇ ನಾಲ್ಕು ಗಂಟೆಯಲ್ಲಿ 3 ಹಿಡಿದರೆ ಮುಕ್ಕಾಲು ಮೀನು. ನೆನಪಿನಲ್ಲಿ ಉಳಿಯುವುದು ಮಾತ್ರ ಆ 12. ಏನೂ ಸಿಗದ ದಿನವನ್ನೂ ಸೊನ್ನೆ ಎಂದು ಬರೆಯಿರಿ, ಅದು ತಪ್ಪಿದರೆ ಸರಾಸರಿ ಪೂರ್ತಿ ಕೆಡುತ್ತದೆ. ಸೆಳವಿಗೆ ಒಂದು ಅಂಕಣ ಇಡಿ: ಉಬ್ಬರ ತುಂಬಿ ಎಷ್ಟು ಗಂಟೆಗೆ ಮೀನು ಕಚ್ಚಿತು, ಆ ದಿನದ ಅಂತರ ಎಷ್ಟು ಮೀಟರ್. ಬೆಳಕಿಗೆ ಇನ್ನೊಂದು: ಆ ಹೊತ್ತಿಗೆ ಚಂದ್ರ ಮೇಲಿದ್ದನೇ, ಮೋಡವಿತ್ತೇ, ನೀರು ಎಷ್ಟು ಆಳದವರೆಗೆ ತಿಳಿಯಾಗಿತ್ತು. ಹುಣ್ಣಿಮೆ, ಅಷ್ಟಮಿ ಎಂಬ ಹೆಸರನ್ನು ಅಂಚಿನಲ್ಲಿ ಬರೆದರೆ ಸಾಕು. ಒಂದೇ ಜಾಗ, ಒಂದೇ ಜಾತಿ, ಒಂದೇ ಋತುವಿನ ಸಾಲುಗಳನ್ನು ಮಾತ್ರ ಒಂದಕ್ಕೊಂದು ಹೋಲಿಸಿ.