14 ಪೌಂಡ್‌ಗೇ ನೆಮ್ಮದಿಯಾಗಿರುವ ಎಂಜಿನ್

ಗಾಡಿಯನ್ನು ಟ್ರೇಲರ್‌ನಿಂದ ಇಳಿಸಿದ್ದೇ ತಡ, ಯಜಮಾನರು ನನ್ನನ್ನು ಕ್ಯಾಬಿನ್‌ಗೆ ಹತ್ತಿಸಿ ಆಯಿಲ್ ಪ್ರೆಶರ್ ಮೀಟರ್ ತೋರಿಸಿದರು. ಕಾಲಲ್ಲಿ ಸೆಲ್ಫ್ ಒತ್ತಿದರು. ಎಂಜಿನ್ ಹಿಡಿಯಿತು. ಆಕ್ಸಿಲರೇಟರ್ ಕೊಟ್ಟಾಗ ಮುಳ್ಳು ಏರಿ 14ರ ಹತ್ತಿರ ನಿಂತಿತು. ಮೇಲೆ ಹೋಗಲಿಲ್ಲ.

“ನೋಡಿ, ಇಷ್ಟೇ. ನನ್ನ ಹೊಸ ಪಿಕಪ್‌ನಲ್ಲಿ 40ರ ಮೇಲಿರುತ್ತದೆ. ಇದರ ಪಂಪ್ ಹೋಗಿದೆ ಅಲ್ವಾ?”

ಪಂಪ್ ಹೋಗಿರಲಿಲ್ಲ. ಆ ಮೀಟರ್‌ನಲ್ಲಿ ಬರೆದಿರುವ ಕೊನೆಯ ಅಂಕಿಯೇ 30. ಓಡುವಾಗ ಚದರ ಇಂಚಿಗೆ 14 ಪೌಂಡ್ ಒತ್ತಡ ಇದ್ದರೆ ಈ ಎಂಜಿನ್‌ಗೆ ಸಾಕು, ಕಂಪನಿಯವರು ಮಾಡಿದ್ದೇ ಹಾಗೆ. ಆದರೆ ಬಾನೆಟ್ ಒಳಗಿನಿಂದ ‘ಟಕ್ ಟಕ್’ ಅಂತ ಒಂದು ಸದ್ದು ಬರುತ್ತಿತ್ತು. ಕಾಯಿಲೆ ಇದ್ದದ್ದು ಅಲ್ಲಿ.

ಗಾಡಿ 1950ರ ಶೆವರ್ಲೆ 3100. ಅರ್ಧ ಟನ್ನಿನ ಪಿಕಪ್. ಇಲ್ಲಿ ಅಮೆರಿಕದ ಓಹಾಯೋ ರಾಜ್ಯದ ಹಳ್ಳಿಗಳಲ್ಲಿ ಇಂಥ ಗಾಡಿಗಳು ಇನ್ನೂ ಕೊಟ್ಟಿಗೆಗಳಲ್ಲಿ ಹುಲ್ಲಿನ ಪಕ್ಕ ನಿಂತಿರುತ್ತವೆ. ಇದನ್ನು ಯಜಮಾನರ ತಂದೆ ಹೊಸದರಲ್ಲೇ ಕೊಂಡಿದ್ದರಂತೆ. ಹಸುವಿನ ಮೇವು, ಮೆಕ್ಕೆಜೋಳ, ಭಾನುವಾರ ಚರ್ಚಿಗೆ ಮನೆಮಂದಿ, ಎಲ್ಲವನ್ನೂ ಹೊತ್ತ ಗಾಡಿ. ಹಳೆಯ ಗಾಡಿಗಳನ್ನು ಮತ್ತೆ ಓಡುವಂತೆ ಮಾಡುವ ಶೆಡ್ಡಿನಲ್ಲಿ ನಾನು ಇಷ್ಟು ವರ್ಷ ಕೆಲಸ ಮಾಡಿದ್ದೇನೆ. ಈ ಎಂಜಿನ್‌ನಷ್ಟು ತಪ್ಪಾಗಿ ಅರ್ಥವಾದ ಇನ್ನೊಂದು ಎಂಜಿನ್ ನನ್ನ ಕೈಗೆ ಬಂದಿಲ್ಲ.

ಇದರ ಹೆಸರು 216. ಸಿಲಿಂಡರುಗಳ ಒಳಗಿನ ಒಟ್ಟು ಅಳತೆ 216.5 ಘನ ಇಂಚು, ಅದರಿಂದ ಆ ಹೆಸರು. ಸಾಲಾಗಿ ಆರು ಸಿಲಿಂಡರ್. ಬೋರ್, ಅಂದರೆ ಸಿಲಿಂಡರಿನ ಅಗಲ, ಮೂರೂವರೆ ಇಂಚು. ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, ಮೂರೂಮುಕ್ಕಾಲು. 1937ರಲ್ಲಿ ಬಂತು, 1953ರವರೆಗೆ ನಡೆಯಿತು. 1950ರ ಗಾಡಿಯಲ್ಲಿ 92 ಅಶ್ವಶಕ್ತಿ. ಇದನ್ನೂ ಇದರ ಅಣ್ಣತಮ್ಮಂದಿರನ್ನೂ ಅಮೆರಿಕದವರು ಪ್ರೀತಿಯಿಂದ ‘ಸ್ಟೋವ್‌ಬೋಲ್ಟ್’ ಅಂತ ಕರೆಯುತ್ತಾರೆ. ಹಳೆಯ ಕಬ್ಬಿಣದ ಒಲೆಗಳಿಗೆ ಹಾಕುತ್ತಿದ್ದಂಥ ಸಾದಾ ಬೋಲ್ಟುಗಳು ಇದರಲ್ಲೂ ಇವೆ ಅಂತ.

ಈಗಿನ ಎಂಜಿನ್‌ನಲ್ಲಿ ಅದರ ಮುಖ್ಯ ಶಾಫ್ಟ್ ಆದ ಕ್ರ್ಯಾಂಕ್ ಒಳಗೇ ರಂಧ್ರ ಕೊರೆದಿರುತ್ತಾರೆ. ಪಂಪ್ ಆಯಿಲನ್ನು ಆ ದಾರಿಯಲ್ಲಿ ಒತ್ತಿ, ಪಿಸ್ಟನ್ನಿಗೂ ಕ್ರ್ಯಾಂಕಿಗೂ ನಡುವೆ ಇರುವ ಪ್ರತಿಯೊಂದು ಕನೆಕ್ಟಿಂಗ್ ರಾಡಿನ ಬೇರಿಂಗ್‌ಗೂ ಕಳಿಸುತ್ತದೆ. 216ರಲ್ಲಿ ಹಾಗಿಲ್ಲ. ಕ್ರ್ಯಾಂಕ್ ಹೊರುವ ನಾಲ್ಕು ಮೇನ್ ಬೇರಿಂಗ್‌ಗೆ, ವಾಲ್ವ್ ಎತ್ತುವ ಕ್ಯಾಮ್‌ಶಾಫ್ಟ್ ಬೇರಿಂಗ್‌ಗೆ ಮಾತ್ರ ಒತ್ತಡದ ಆಯಿಲ್. ರಾಡುಗಳ ಪಾಲಿಗೆ ಬೇರೆ ಏರ್ಪಾಡು.

ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತಗಡಿನ ಚೇಂಬರ್ ಇದೆ. ಅದರ ಒಳಗೆ, ಪ್ರತಿ ರಾಡಿನ ಕೆಳಗೂ ಒಂದೊಂದು ಸಣ್ಣ ತೊಟ್ಟಿ ಇದೆ. ದನಕ್ಕೆ ನೀರಿಡುವ ತೊಟ್ಟಿಯ ಹಾಗೇ, ಅಷ್ಟು ಚಿಕ್ಕದು. ಪಂಪ್ ಆ ತೊಟ್ಟಿಗಳನ್ನು ತುಂಬಿಸುತ್ತಿರುತ್ತದೆ. ರಾಡಿನ ಬಾಯಿಯ ಕೆಳಭಾಗ ಮುಚ್ಚುವ ಕ್ಯಾಪ್ ಕೆಳಗೆ ಒಂದು ಪುಟ್ಟ ಸೌಟು. ಅದಕ್ಕೆ ಡಿಪ್ಪರ್ ಅಂತಾರೆ. ರಾಡ್ ಕೆಳಗೆ ಬಂದಾಗಲೆಲ್ಲ ಸೌಟು ತೊಟ್ಟಿಯಲ್ಲಿ ಮುಳುಗಿ ಆಯಿಲ್ ಎತ್ತಿಕೊಂಡು ಬೇರಿಂಗ್‌ಗೆ ಕೊಡುತ್ತದೆ. ಎಂಜಿನ್ ನಿಧಾನಕ್ಕೆ ತಿರುಗುವಾಗ ಇಷ್ಟೇ ಸಾಕು.

ವೇಗ ಜಾಸ್ತಿ ಆದರೆ ಸೌಟಿಗೆ ಮುಳುಗಿ ಏಳಲು ಸಮಯ ಸಾಲುವುದಿಲ್ಲ. ಆಗ ಎರಡನೇ ಏರ್ಪಾಡು ಕೆಲಸಕ್ಕೆ ಬರುತ್ತದೆ. ಚೇಂಬರ್ ಒಳಗೇ ಒಂದು ಪಕ್ಕದಲ್ಲಿ ಆರು ನಾಜಲ್‌ಗಳಿವೆ. ಒಂದೊಂದರಿಂದಲೂ ಆಯಿಲ್ ಧಾರೆಯಾಗಿ ಚಿಮ್ಮುತ್ತದೆ. ಸುತ್ತಿ ಬರುವ ಸೌಟಿನ ಬಾಯಿಗೆ ಆ ಧಾರೆ ನೇರವಾಗಿ ಬೀಳಬೇಕು. ಬಿದ್ದರೆ ಬೇರಿಂಗ್ ಉಳಿಯಿತು. ಒಂದು ಬೆರಳಷ್ಟು ಅತ್ತಿತ್ತ ಆದರೆ ಇಲ್ಲ. ಮೀಟರ್‌ನ ಮುಳ್ಳಿಗೆ ಇದ್ಯಾವುದೂ ತಿಳಿಯುವುದಿಲ್ಲ. ಗುರಿ ತಪ್ಪಿದರೂ ಅದು 14 ತೋರಿಸುತ್ತಲೇ ಇರುತ್ತದೆ.

ಅದಕ್ಕೇ ಹೇಳುವುದು, ಈ ಎಂಜಿನ್‌ನಲ್ಲಿ ಪ್ರೆಶರ್ ನೋಡಿ ಆರೋಗ್ಯ ಹೇಳಲು ಬರುವುದಿಲ್ಲ. ಯಜಮಾನರು ಇದಕ್ಕೂ ಮೊದಲು ಗಾಡಿಯನ್ನು ಇನ್ನೊಂದು ಕಡೆ ಕೊಟ್ಟಿದ್ದರು. ಅಲ್ಲಿ ಹೊಸ ಪಂಪ್ ಹಾಕಿ, ಮುಳ್ಳು ಮೇಲೇರಲಿ ಅಂತ ತುಂಬಾ ದಪ್ಪನೆಯ ಆಯಿಲ್ ತುಂಬಿದ್ದರು. ದಪ್ಪ ಆಯಿಲ್ ತೊಟ್ಟಿಗೆ ಬೇಗ ಹರಿದು ಬರುವುದಿಲ್ಲ, ಸೌಟಿಗೂ ಸರಿಯಾಗಿ ಸಿಗುವುದಿಲ್ಲ. ಆಗಿನ ಮ್ಯಾನುಯಲ್ ಹೇಳಿದ್ದು 20ರ ಗ್ರೇಡಿನ ತೆಳು ಆಯಿಲ್. ದಪ್ಪ ಆಯಿಲ್ ಹಾಕಿದ ಮೇಲೆ ಸದ್ದು ಸ್ವಲ್ಪ ದಿನ ಕಮ್ಮಿಯಾಗಿತ್ತಂತೆ. ಹುಳುಕು ಹಲ್ಲಿಗೆ ಲವಂಗ ಇಟ್ಟ ಹಾಗೆ.

ಸದ್ದು ಯಾವ ಸಿಲಿಂಡರಿನದು ಅಂತ ಹುಡುಕಲು ದೊಡ್ಡ ಯಂತ್ರ ಬೇಡ. ಎಂಜಿನ್ ಓಡುತ್ತಿರುವಾಗ ಒಂದೊಂದೇ ಪ್ಲಗ್ಗಿನ ಕರೆಂಟು ತಪ್ಪಿಸುತ್ತಾ ಹೋಗಬೇಕು. ಬೆಂಕಿ ಇಲ್ಲದ ಸಿಲಿಂಡರಿನಲ್ಲಿ ರಾಡಿನ ಮೇಲೆ ಏಟು ಬೀಳುವುದಿಲ್ಲ. ಒಂದು, ಎರಡು, ಮೂರು, ನಾಲ್ಕು, ಸದ್ದು ಹಾಗೇ ಇತ್ತು. ಐದನೆಯದನ್ನು ತಪ್ಪಿಸಿದೆ. ಎಂಜಿನ್ ಸ್ವಲ್ಪ ಕುಂಟಿತು, ಆದರೆ ‘ಟಕ್ ಟಕ್’ ಹೆಚ್ಚುಕಮ್ಮಿ ನಿಂತೇ ಹೋಯಿತು. ಮತ್ತೆ ಕೊಟ್ಟೆ, ಸದ್ದು ಬಂತು. ಎಂಜಿನ್ ಆಫ್ ಮಾಡಿಸಿದೆ. ಅದಾದ ಮೇಲೆ ಒಂದು ನಿಮಿಷವೂ ಓಡಿಸಲಿಲ್ಲ. ರಾಡ್ ಬೇರಿಂಗ್ ಸದ್ದು ಮಾಡುತ್ತಿದೆ ಅಂತ ಗೊತ್ತಿದ್ದೂ ಓಡಿಸಿದರೆ ಹಾಳಾಗುವುದು ಕ್ರ್ಯಾಂಕ್.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ದಾವಣಗೆರೆಯಲ್ಲಿ ಅಪ್ಪ ಲಾರಿ ಶೆಡ್ ಇಟ್ಟಿದ್ದವರು. ಈಗ ಎಂಬತ್ತು ದಾಟಿದೆ. ಜನರಲ್ ಮೋಟಾರ್ಸ್ 1928ರಿಂದ 1954ರವರೆಗೆ ಬಾಂಬೆಯ ಸೆವ್ರಿಯಲ್ಲಿ ಶೆವರ್ಲೆ ಗಾಡಿಗಳನ್ನು ಜೋಡಿಸಿ ಮಾರುತ್ತಿತ್ತು. ಅಪ್ಪ ಹುಡುಗರಾಗಿ ಮೇಸ್ತ್ರಿ ಕೈಕೆಳಗೆ ಸೇರಿದಾಗ ಅಂಥ ಲಾರಿಗಳು ಇನ್ನೂ ಓಡಾಡುತ್ತಿದ್ದವು.

“ಚೇಂಬರ್ ಕೆಳಗಿಂದ ನೋಡಿದ್ಯಾ?” ಅಂತ ಮೊದಲು ಕೇಳಿದರು.

“ಇನ್ನೂ ಇಲ್ಲಪ್ಪಾ. ನಾಳೆ ಇಳಿಸ್ತೀನಿ.”

“ಇಳಿಸೋಕೆ ಮುಂಚೆ ಕೈ ಆಡಿಸಿ ನೋಡು. ಗಡಿಬಿಡಿಯವರು ಅಲ್ಲೇ ಜಾಕ್ ಕೊಟ್ಟಿರ್ತಾರೆ.”

ಬೆಳಗ್ಗೆ ಗಾಡಿ ಕೆಳಗೆ ಮಲಗಿ ಕೈ ಆಡಿಸಿದೆ. ಹಿಂಭಾಗದಲ್ಲಿ, ಅಂಗೈ ಅಗಲದ ಒಂದು ನೆಗ್ಗು. ಯಾವಾಗಲೋ ಯಾರೋ ಎಂಜಿನ್ ಎತ್ತಲು ಚೇಂಬರ್‌ಗೇ ಜಾಕ್ ಕೊಟ್ಟಿದ್ದಾರೆ. ಬೇರೆ ಎಂಜಿನ್ ಆಗಿದ್ದರೆ ಒಂದು ನೆಗ್ಗಿಗೆ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಇಲ್ಲಿ ಆ ತಗಡಿನ ಒಳಗೇ ತೊಟ್ಟಿ, ನಾಜಲ್ ಎಲ್ಲ ಇವೆ.

ಎಂಜಿನ್ ಇಳಿಸಿ ಚೇಂಬರ್ ಬಿಚ್ಚಿದೆವು. ತಳದಲ್ಲಿ ಕಪ್ಪು ಗಸಿ, ಕಾಯಿಸಿದ ಬೆಲ್ಲದ ಹಾಗೆ ಗಟ್ಟಿಯಾಗಿ ಕೂತಿತ್ತು. ಹಳೆಯ ಕಾಲದ, ಕೊಳೆ ಎತ್ತದ ಆಯಿಲ್‌ನಲ್ಲೇ ಓಡಿದ ಎಂಜಿನ್‌ಗಳಲ್ಲಿ ಇದು ಮಾಮೂಲು. ಇಂಥದ್ದಕ್ಕೆ ಸುಮ್ನೆ ಹೊಸ ಡಿಟರ್ಜೆಂಟ್ ಆಯಿಲ್ ಸುರಿದರೆ ಗಸಿ ಎದ್ದು ನಾಜಲ್‌ಗಳ ಬಾಯಿಗೆ ಹೋಗಿ ಕೂರುತ್ತದೆ. ಮೊದಲು ಬಿಚ್ಚಿ ತೊಳೆಯಬೇಕು, ಆಮೇಲೆ ಹೊಸ ಆಯಿಲ್.

ತೊಳೆದ ಮೇಲೆ ನನಗೆ ತುಂಬಾ ಇಷ್ಟವಾದ ಕೆಲಸ. ಶೆವರ್ಲೆಯವರು ಇದಕ್ಕಾಗಿಯೇ ಒಂದು ಗೇಜ್ ಮಾಡಿದ್ದರು. ಚೇಂಬರ್ ಮೇಲೆ ಅದನ್ನು ಇಟ್ಟರೆ ತೊಟ್ಟಿಯ ಆಳವನ್ನೂ ನೋಡಬಹುದು, ನಾಜಲ್ ಗುರಿಯನ್ನೂ ನೋಡಬಹುದು. ಆಯಿಲ್ ಬರುವ ದಾರಿಗೆ ನೀರಿನ ಪೈಪ್ ಜೋಡಿಸಬೇಕು. ಅದೇ, ತೋಟಕ್ಕೆ ನೀರು ಬಿಡುವ ಪೈಪು. ನಲ್ಲಿ ತಿರುಗಿಸಿದರೆ ನಾಜಲ್‌ಗಳಿಂದ ನೀರು ಚಿಮ್ಮುತ್ತದೆ. ಪ್ರತಿ ಧಾರೆಯೂ ಗೇಜಿನಲ್ಲಿರುವ ತನ್ನ ತೂತಿನ ಮೂಲಕ ಹಾದು ಹೋಗಬೇಕು.

ಯಜಮಾನರನ್ನೂ ಕರೆದೆ. ನಲ್ಲಿ ಹತ್ತಿರ ಅವರೇ ನಿಂತರು. “ಬಿಡಿ” ಅಂದೆ. ಮೊದಲ ನಾಲ್ಕು ಧಾರೆಗಳು ತೂತಿನಲ್ಲಿ ನೂಲು ಪೋಣಿಸಿದ ಹಾಗೆ ನೇರ ಹೋದವು. ಆರನೆಯದು ಗಸಿಯ ಚೂರು ಸಿಕ್ಕಿ ಸೊರಗಿತ್ತು, ಆದರೆ ಗುರಿ ಸರಿ ಇತ್ತು. ಐದನೆಯದು ತೂತಿನ ಪಕ್ಕದ ತಗಡಿಗೆ ಬಡಿದು ನನ್ನ ಅಂಗಿಗೆಲ್ಲ ಸಿಡಿಯಿತು. ಯಜಮಾನರು ನಲ್ಲಿ ನಿಲ್ಲಿಸುವುದನ್ನೂ ಮರೆತು ಅದನ್ನೇ ನೋಡುತ್ತಾ ನಿಂತರು. “ಹಾಗಾದ್ರೆ ಇದಕ್ಕೆ ಆಯಿಲ್ಲೇ ಸಿಗ್ತಿರಲಿಲ್ವಾ?” ಅಂದರು. ನಿಧಾನಕ್ಕೆ ಹೋಗುವಾಗ ತೊಟ್ಟಿಯಿಂದ ಸ್ವಲ್ಪ ಸಿಗುತ್ತಿತ್ತು. ವೇಗ ಹಿಡಿದರೆ ಅದೂ ಇಲ್ಲ.

ನೆಗ್ಗನ್ನು ಒಳಗಿಂದ ಮರದ ಕೊಡತಿಯಲ್ಲಿ ಬಡಿದು ಎತ್ತಿದೆವು. ತೊಟ್ಟಿಯ ಆಳ ಸರಿಮಾಡಿ, ನಾಜಲನ್ನು ಕೂದಲೆಳೆಯಷ್ಟೇ ಬಗ್ಗಿಸುತ್ತಾ, ಪ್ರತಿ ಸಲ ನೀರು ಬಿಟ್ಟು ನೋಡುತ್ತಾ ಗುರಿಗೆ ತಂದೆವು. ಅರ್ಧ ದಿನ ಹಿಡಿಯಿತು.

ಐದನೇ ರಾಡಿನ ಬೇರಿಂಗ್ ಮಾತ್ರ ಮುಗಿದಿತ್ತು. ಈ ಎಂಜಿನ್‌ನಲ್ಲಿ ಬಿಡಿ ಬೇರಿಂಗ್ ತಂದು ಹಾಕುವಂತಿಲ್ಲ. ರಾಡಿನ ಬಾಯಿಗೇ ವೈಟ್ ಮೆಟಲ್ ಎರಕ ಹೊಯ್ದಿರುತ್ತಾರೆ. ಅಮೆರಿಕದಲ್ಲಿ ಇದನ್ನು ಬ್ಯಾಬಿಟ್ ಅನ್ನುತ್ತಾರೆ. 1839ರಲ್ಲಿ ಮ್ಯಾಸಚೂಸೆಟ್ಸ್‌ನ ಐಸಾಕ್ ಬ್ಯಾಬಿಟ್ ಈ ಮಿಶ್ರಲೋಹ ಮಾಡಿದ, ಅವನದೇ ಹೆಸರು ನಿಂತಿತು. ಇಂಥ ಬೇರಿಂಗ್‌ನಲ್ಲಿ ಮುಖ್ಯವಾಗಿ ತವರ, ಜೊತೆಗೆ ಸ್ವಲ್ಪ ಆಂಟಿಮನಿ, ತಾಮ್ರ. ಮೆತ್ತಗಿನ ಲೋಹ. ಆ ಮೆತ್ತಗಿರುವುದೇ ಅದರ ಗುಣ. ಆಯಿಲ್‌ನಲ್ಲಿ ಮರಳಿನ ಕಣ ಬಂದರೆ, ಹಸಿ ಗೋಡೆಗೆ ಕಲ್ಲು ಒತ್ತಿದ ಹಾಗೆ ತನ್ನೊಳಗೆ ಹುದುಗಿಸಿಕೊಳ್ಳುತ್ತದೆ. ಕ್ರ್ಯಾಂಕಿಗೆ ಗೀರು ಬೀಳಲು ಬಿಡುವುದಿಲ್ಲ. ಆದರೆ ಆಯಿಲ್ ಇಲ್ಲದೆ ಬಿಸಿಯಾದರೆ ಮೊದಲು ತಾನೇ ಕರಗಿ ಹೋಗುತ್ತದೆ.

ಎರಕ ಹೊಯ್ಯುವವರು ಅಮೆರಿಕದಲ್ಲೂ ಈಗ ಬೆರಳೆಣಿಕೆ. ರಾಡನ್ನು ಶುಚಿಮಾಡಿ, ಕಾಯಿಸಿ, ಮೊದಲು ತವರದ ತೆಳು ಲೇಪ ಕೊಡಬೇಕು. ಲೇಪ ಹಿಡಿಯದ ಕಡೆ ಎರಕವೂ ಹಿಡಿಯುವುದಿಲ್ಲ. ಆಮೇಲೆ ಕರಗಿದ ಲೋಹ ಹೊಯ್ದು, ಆರಿದ ಮೇಲೆ ಕ್ರ್ಯಾಂಕಿನ ಅಳತೆಗೆ ಬೋರ್ ಮಾಡುತ್ತಾರೆ. ನಮ್ಮ ಕ್ರ್ಯಾಂಕಿನ ಐದನೇ ಪಿನ್, ಅಂದರೆ ಆ ರಾಡ್ ಕೂರುವ ಜಾಗ, ಅದೃಷ್ಟಕ್ಕೆ ಇನ್ನೂ ದುಂಡಗಿತ್ತು. ಸಣ್ಣ ಪಾಲಿಶ್ ಸಾಕಾಯಿತು.

ಜೋಡಿಸುವಾಗ ರಾಡ್ ಮತ್ತು ಕ್ಯಾಪ್ ನಡುವೆ ಶಿಮ್ ಅನ್ನುವ ತೆಳು ತಗಡುಗಳನ್ನು ಹಾಕುತ್ತೇವೆ. ಒಂದೊಂದು ಎರಡು ಥೌ ದಪ್ಪ, ಅಂದರೆ ಇಂಚಿನ ಸಾವಿರದಲ್ಲಿ ಎರಡು ಪಾಲು. ಶಿಮ್ ತೆಗೆದಷ್ಟೂ ಬೇರಿಂಗ್ ಬಿಗಿ. ಕ್ಯಾಪ್ ಟೈಟ್ ಮಾಡಿ ರಾಡನ್ನು ಪಿನ್ ಮೇಲೆ ಉದ್ದಕ್ಕೆ ಕೈಯಲ್ಲಿ ಅತ್ತಿತ್ತ ದೂಡಬೇಕು. ‘ಟಕ್’ ಅಂತ ಚುರುಕಾಗಿ ಸರಿದರೆ ಹದ ಬಂತು. ಕಚ್ಚಿಕೊಂಡರೆ ಇನ್ನೊಂದು ಶಿಮ್ ಹಾಕಿ. ಲೊಡಲೊಡ ಅಂದರೆ ಒಂದು ತೆಗೆಯಿರಿ. ಗಾಡಿ ಹೊಸದಾಗಿದ್ದ ಕಾಲದಲ್ಲಿ ಬೇರಿಂಗ್ ಸವೆದರೆ ಹಳ್ಳಿಯ ಮೆಕ್ಯಾನಿಕ್‌ಗಳು ಚೇಂಬರ್ ಬಿಚ್ಚಿ ಕೆಳಗೆ ಮಲಗಿಯೇ ಶಿಮ್ ತೆಗೆದು ಮತ್ತೆ ಓಡಿಸುತ್ತಿದ್ದರು. ಇವತ್ತಿನ ಯಾವ ಎಂಜಿನ್ ಆ ಅವಕಾಶ ಕೊಡುತ್ತದೆ ಹೇಳಿ. ಇನ್ನೊಂದು ಮಾತು: ಸೌಟಿನ ಬಾಯಿ ಆಯಿಲ್ ಎತ್ತಿಕೊಳ್ಳುವ ದಿಕ್ಕಿಗೇ ಇರಬೇಕು. ಕ್ಯಾಪ್ ಉಲ್ಟಾ ಹಾಕಿದರೆ ಮಾಡಿದ್ದೆಲ್ಲ ನೀರುಪಾಲು.

ಈ ನಡುವೆ ಯಜಮಾನರ ಮಗ ಬಂದು, “ಇದನ್ನು ತೆಗೆದು 235 ಹಾಕಬಾರದಾ?” ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. 1954ರಿಂದ ಶೆವರ್ಲೆ ಟ್ರಕ್‌ಗಳಿಗೆ ಬಂದ 235 ಎಂಜಿನ್‌ನಲ್ಲಿ ರಾಡುಗಳಿಗೂ ಒತ್ತಡದ ಆಯಿಲ್ ಇದೆ, ಬೇರಿಂಗ್ ಬದಲಾಯಿಸಬಹುದು. ದಿನವೂ ಹೈವೇಯಲ್ಲಿ ಓಡಿಸುವವರಿಗೆ ನಾನೇ ಅದನ್ನು ಹೇಳುತ್ತೇನೆ. ಈ ಗಾಡಿಯ ಡಿಫರೆನ್ಶಿಯಲ್ ಅನುಪಾತ 4.11, ಅಂದರೆ ಟಾಪ್ ಗೇರಿನಲ್ಲಿ ಚಕ್ರದ ಒಂದು ಸುತ್ತಿಗೆ ಎಂಜಿನ್ನಿನ 4.11 ಸುತ್ತು. ಗಂಟೆಗೆ 60 ಮೈಲಿ ಅಂದರೆ ಎಂಜಿನ್ ನಿಮಿಷಕ್ಕೆ ಹೆಚ್ಚುಕಮ್ಮಿ 3000 ಸುತ್ತು ತಿರುಗುತ್ತದೆ. ಗಂಟೆಗಟ್ಟಲೆ ಹಾಗೆ ಓಡಲು ಇದನ್ನು ಮಾಡಿಲ್ಲ. ಅಮೆರಿಕದ ದೊಡ್ಡ ಅಂತರರಾಜ್ಯ ಹೆದ್ದಾರಿಗಳ ಕಾನೂನು ಆದದ್ದೇ 1956ರಲ್ಲಿ, ಈ ಗಾಡಿ ಹುಟ್ಟಿ ಆರು ವರ್ಷದ ಮೇಲೆ. ಆದರೆ ಈ ಮನೆಯವರಿಗೆ ಬೇಕಾಗಿದ್ದು ಊರೊಳಗಿನ ರಸ್ತೆ, ಸಂತೆ, 45 ಮೈಲಿ ವೇಗ. ಅದಕ್ಕೆ ಅಜ್ಜ ಓಡಿಸಿದ ಎಂಜಿನ್ನೇ ಸಾಕು. ಅದನ್ನು ಉಳಿಸೋಣ ಅಂದೆ. ಒಪ್ಪಿದರು.

ಬಾಡಿ ಕೆಲಸ ಬೇರೆಯವರದು. ಕ್ಯಾಬಿನ್‌ನ ಕೆಳಗಿನ ಮೂಲೆಗಳು ತುಕ್ಕು ತಿಂದಿದ್ದವು, ಕತ್ತರಿಸಿ ಹೊಸ ತಗಡು ಬೆಸೆದರು. ಹಿಂದೆ ಸಾಮಾನು ಹೇರುವ ಜಾಗಕ್ಕೆ ಹೊಸ ಹಲಗೆ ಬಂತು.

ಪೇಂಟ್ ಆದ ಮೇಲೆ ಬರುವ ಒಂದು ತೊಂದರೆ ಮಾತ್ರ ಹೇಳಲೇಬೇಕು. ಇದು 6 ವೋಲ್ಟಿನ ಗಾಡಿ. ಅಷ್ಟೇ ಕೆಲಸಕ್ಕೆ 12 ವೋಲ್ಟಿಗಿಂತ ಎರಡು ಪಟ್ಟು ಕರೆಂಟು ಹರಿಯಬೇಕು. ಅಂಗಡಿಯಲ್ಲಿ ಸಿಗುವ ಸಾದಾ ಬ್ಯಾಟರಿ ಕೇಬಲ್ ಹಾಕಿದರೆ ಸೆಲ್ಫ್ ಮುಲುಕುತ್ತದೆ. ಹೆಬ್ಬೆರಳು ದಪ್ಪದ ಕೇಬಲ್ ಬೇಕು. ಅರ್ತ್ ಕೂರುವ ಜಾಗದಲ್ಲಿ ಪೇಂಟ್ ಕೆರೆದು ಬರೀ ಲೋಹ ಕಾಣಿಸಬೇಕು. ಚೆಂದದ ಪೇಂಟ್ ಕೆರೆಯಲು ಮನಸ್ಸು ಬರುವುದಿಲ್ಲ, ನಿಜ. ಆದರೂ ಕೆರೆಯಿರಿ. ಎಷ್ಟೋ ಜನ ಸೆಲ್ಫ್ ಮೋಟರ್ ಕೆಟ್ಟಿದೆ ಅಂತ ತಂದಾಗ ನಾನು ಮಾಡಿದ್ದು ಇಷ್ಟೇ.

ಮೊದಲ ಸಲ ಶುರುಮಾಡುವ ದಿನ ಅವಸರ ಮಾಡಲಿಲ್ಲ. ರಾಡುಗಳಿಗೆಲ್ಲ ಜೋಡಿಸುವಾಗಲೇ ಆಯಿಲ್ ಸವರಿದ್ದೆವು. ಆರೂ ಪ್ಲಗ್ ಬಿಚ್ಚಿ, ಮುಳ್ಳು ಅಲುಗುವವರೆಗೆ ಸೆಲ್ಫ್ ತಿರುಗಿಸಿದೆವು. ಆಮೇಲೆ ಪ್ಲಗ್ ಹಾಕಿ ಯಜಮಾನರಿಗೆ ಪೆಡಲ್ ಬಿಟ್ಟುಕೊಟ್ಟೆ. ಎರಡನೇ ಒತ್ತಿಗೆ ಹಿಡಿಯಿತು. ನಾನು ಮೀಟರ್ ನೋಡಲಿಲ್ಲ. ಬಾನೆಟ್ ಹತ್ತಿರ ಕಿವಿ ಇಟ್ಟು ನಿಂತೆ. ಟ್ಯಾಪೆಟ್‌ಗಳ ಸಣ್ಣ ‘ಚಟಚಟ’ ಬಿಟ್ಟರೆ ಬೇರೇನೂ ಇರಲಿಲ್ಲ. ಒಳಗಿಂದ ಯಜಮಾನರು ಕೂಗಿದರು, “14!”

ಗಾಡಿ ಕಳಿಸುವ ಮೊದಲು ಅದನ್ನು ಮತ್ತೆ ಎತ್ತಿಸಿ, ಕೆಳಗೆ ಮಲಗಿ, ಚೇಂಬರ್ ತಳದಲ್ಲಿ ಹಳದಿ ಪೇಂಟಿನಲ್ಲಿ ದೊಡ್ಡದಾಗಿ ಬರೆದೆ: ಇಲ್ಲಿ ಜಾಕ್ ಕೊಡಬೇಡಿ.