ಇಂಜೆಕ್ಟರ್ ಬದಲಾಯಿಸಿದರೂ ಪಿ0203 ಕೋಡ್ ಮರಳಿ ಬರುವುದೇಕೆ?

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿನ ಎಂಜಿನ್ ನಡುಗುತ್ತಿತ್ತು. ಸ್ಕ್ಯಾನರ್‌ನಲ್ಲಿ ಪಿ0203 ಕೋಡ್ ಬಂತು. ಮೂರನೇ ಸಿಲಿಂಡರಿಗೆ ಪೆಟ್ರೋಲ್ ಸಿಂಪಡಿಸುವ ಹೊಸ ಇಂಜೆಕ್ಟರ್ ಹಾಕಿಸಿದ ಮೇಲೂ ಅದೇ ಕೋಡ್ ಬಂದಿದೆ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕೆಟ್ಟಿದೆಯೇ?

ಉತ್ತರ: ಇಸಿಯು ಮೇಲೆ ಈಗಲೇ ಅನುಮಾನ ಬೇಡ. ಮೂರನೇ ಸಿಲಿಂಡರಿನ ಇಂಜೆಕ್ಟರ್ ಸರ್ಕ್ಯೂಟ್‌ನಲ್ಲಿ ದೋಷವಿದೆ ಎಂದಷ್ಟೇ ಪಿ0203 ಹೇಳುತ್ತದೆ. ಇಂಜೆಕ್ಟರ್‌ನ ಕಾಯಿಲ್ (ತಂತಿಸುರುಳಿ) ಆ ಸರ್ಕ್ಯೂಟ್‌ನ ಒಂದು ತುಣುಕು ಮಾತ್ರ. ಅಳತೆ ಮಾಡದೆ ಬಿಡಿಭಾಗ ಬದಲಾಯಿಸುವುದು ನೀರಿನಲ್ಲಿ ಹೋಮ ಮಾಡಿದಂತೆ. ಮೂರನೆಯದನ್ನು ಬಿಚ್ಚಿ ಒಂದನೆಯದರ ಜಾಗಕ್ಕೆ ಹಾಕಿ ನೋಡಿದ್ದರೂ ಸಾಕಿತ್ತು: ಕೋಡ್ ಪಿ0201ಕ್ಕೆ ಬದಲಾದರೆ ಇಂಜೆಕ್ಟರ್ ಕೆಟ್ಟಿದೆ, ಪಿ0203ರಲ್ಲೇ ಉಳಿದರೆ ದೋಷ ಬೇರೆಡೆ ಇದೆ.

ಸಿಲಿಂಡರಿಗೆ ಗಾಳಿ ಹೋಗುವ ದಾರಿಯಲ್ಲಿ ಪೆಟ್ರೋಲ್ ಸಿಂಪಡಿಸುವ ಸಾಮಾನ್ಯ ಪೋರ್ಟ್ ಇಂಜೆಕ್ಟರ್‌ಗೆ ಎರಡೇ ವೈರು. ಒಂದರಲ್ಲಿ ಫ್ಯೂಸ್ ಮತ್ತು ರಿಲೇ ಮೂಲಕ 12 ವೋಲ್ಟ್ ಬರುತ್ತದೆ. ಇನ್ನೊಂದನ್ನು ಇಸಿಯು ಕ್ಷಣಕಾಲ ಅರ್ತ್‌ಗೆ ಜೋಡಿಸಿ ಬಿಡುತ್ತದೆ. ಆಗ ಇಂಜೆಕ್ಟರ್ ತೆರೆದುಕೊಳ್ಳುತ್ತದೆ. ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಫ್ಯೂಸ್ ಇರುವ ಕಾರಿನಲ್ಲಿ ಉಳಿದವು ಕೆಲಸ ಮಾಡುತ್ತಿದ್ದರೆ ಫ್ಯೂಸ್ ಸರಿಯಿದೆ ಎಂದೇ ಅರ್ಥ. ಹೊಸ ಇಂಜೆಕ್ಟರ್‌ನ ರೋಧವನ್ನೂ ಒಮ್ಮೆ ಅಳೆಯಿರಿ. ಹೆಚ್ಚಿನ ಪೋರ್ಟ್ ಇಂಜೆಕ್ಟರ್‌ಗಳಲ್ಲಿ ಅದು 12ರಿಂದ 16 ಓಮ್ ಇರುತ್ತದೆ.

ಉಳಿದದ್ದು ಕನೆಕ್ಟರ್ ಮತ್ತು ವೈರು. ದೋಷ ಬಹಳ ಸಲ ಅಡಗಿರುವುದು ಇಲ್ಲೇ. ಕನೆಕ್ಟರ್ ಬಿಚ್ಚಿ ಬೆಳಕು ಬಿಟ್ಟು ನೋಡಿ: ಪಿನ್ ಹಸಿರುಗಟ್ಟಿದೆಯೇ, ಸಡಿಲವಾಗಿ ಹಿಂದಕ್ಕೆ ಸರಿದಿದೆಯೇ? ಎಂಜಿನ್ ಕಾವಿಗೆ ಪ್ಲಾಸ್ಟಿಕ್ ಬಿರುಸಾಗಿ ಲಾಕ್ ಮುರಿದಿದ್ದರೆ ಕನೆಕ್ಟರ್ ಹೊರಗಿನಿಂದ ಕೂತಂತೆ ಕಂಡರೂ ಒಳಗೆ ಸಂಪರ್ಕ ಬಿಟ್ಟು ಬಿಟ್ಟು ಸಿಗುತ್ತದೆ.

ಮಲ್ಟಿಮೀಟರ್ 12 ವೋಲ್ಟ್ ತೋರಿಸಿತೆಂದು ನಂಬಿಬಿಡಬೇಡಿ. ಒಳಗಿನ ಎಳೆಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತದೆ, ಏಕೆಂದರೆ ಮೀಟರ್ ಎಳೆದುಕೊಳ್ಳುವ ಕರೆಂಟ್ ತೀರಾ ಅತ್ಯಲ್ಪ. ಇಂಜೆಕ್ಟರ್‌ಗೆ ಬೇಕಾದದ್ದು ಸುಮಾರು ಒಂದು ಆಂಪಿಯರ್. ಆದ್ದರಿಂದ ವಿದ್ಯುತ್ ಬರುವ ವೈರಿಗೂ ಅರ್ತ್‌ಗೂ ನಡುವೆ 5 ವ್ಯಾಟ್‌ನ ಸಣ್ಣ ಬಲ್ಬ್ ಹಿಡಿಯಿರಿ; ಅದು ಮಂಕಾಗಿ ಉರಿದರೆ ವೈರು ಸೋತಿದೆ. ಇಸಿಯು ಕಡೆಯ ವೈರಿಗೆ ಬಲ್ಬ್ ಹಚ್ಚಬೇಡಿ. ಅದಕ್ಕೆಂದೇ ಇರುವ ನಾಯ್ಡ್ ಲೈಟನ್ನು (ಇಸಿಯು ಆಜ್ಞೆ ಬಂದಾಗ ಮಿನುಗುವ ಪುಟ್ಟ ಪರೀಕ್ಷಾ ದೀಪ) ಕನೆಕ್ಟರಿಗೆ ಸಿಕ್ಕಿಸಿ ಎಂಜಿನ್ ತಿರುಗಿಸಿ. ಮಿನುಗಿದರೆ ಇಸಿಯು ಆಜ್ಞೆ ತಲುಪುತ್ತಿದೆ. ಮಿನುಗದಿದ್ದರೆ ಬ್ಯಾಟರಿ ಕಳಚಿ, ಇಸಿಯು ಕನೆಕ್ಟರ್ ಬಿಚ್ಚಿ, ಆ ವೈರಿನ ರೋಧವನ್ನು ತುದಿಯಿಂದ ತುದಿಗೆ ಅಳೆಯಿರಿ. ಅಳೆಯುತ್ತಲೇ ವೈರಿನ ಕಟ್ಟನ್ನು ಅಲುಗಾಡಿಸಿ. ಬ್ರಾಕೆಟ್‌ಗೆ ಉಜ್ಜುವ ಅಥವಾ ಬಾಗುವ ಜಾಗದಲ್ಲಿ ಅಂಕಿ ಜಿಗಿದರೆ ದೋಷ ಅಲ್ಲೇ ಇದೆ. ಅದೇ ವೈರು ಬಾಡಿಗೆ ತಾಗಿ ಶಾರ್ಟ್ ಆಗಿಲ್ಲವೆಂದೂ ಖಚಿತಪಡಿಸಿಕೊಳ್ಳಿ. ತಾಗಿದ್ದರೆ ಇಂಜೆಕ್ಟರ್ ತೆರೆದೇ ಇರುತ್ತದೆ, ಪೆಟ್ರೋಲ್ ಸಿಲಿಂಡರಿಗೆ ಸುರಿಯುತ್ತದೆ. ಅಂಥ ಕಾರನ್ನು ಓಡಿಸಲೇಬಾರದು.

ಕೆಟ್ಟ ಭಾಗ ಕತ್ತರಿಸಿ, ಅದೇ ದಪ್ಪದ ವೈರು ಸೇರಿಸಿ, ಕ್ರಿಂಪ್ ಮಾಡಿ ಒಳಗೆ ಅಂಟು ಸವರಿದ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್‌ಶ್ರಿಂಕ್ ಹಾಕಿಸಿ. ಬರೀ ತಿರುಚಿ ಟೇಪ್ ಸುತ್ತುವುದನ್ನು ಒಪ್ಪಬೇಡಿ. ವೈರೆಲ್ಲ ಸರಿಯಿದ್ದೂ ನಾಯ್ಡ್ ಲೈಟ್ ಮಿನುಗದಿದ್ದರೆ ಮಾತ್ರ ಇಸಿಯು ತಪಾಸಣೆಗೆ ಕೊಡಿ.

ನಿಮ್ಮದು ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೇ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ಆಗಿದ್ದರೆ ಮೇಲಿನ ಬಲ್ಬ್ ಮತ್ತು ನಾಯ್ಡ್ ಪರೀಕ್ಷೆಗಳನ್ನು ಮಾಡಬೇಡಿ. ಅಲ್ಲಿ ಇಂಜೆಕ್ಟರ್‌ಗೆ ಸಾಮಾನ್ಯವಾಗಿ 65 ವೋಲ್ಟ್ ಆಸುಪಾಸಿನ ವಿದ್ಯುತ್ ಹೋಗುತ್ತದೆ. ಅದು ಪರಿಣತರ ಕೈಯಲ್ಲೇ ಆಗಬೇಕಾದ ಕೆಲಸ.